ಪೀಪಾಯಿ ಮತ್ತು ಅವಯವಿ: ಬಿಡಿ ಹಲಗೆಗಳು ಇಡಿಯಾಗುವ ಬಗೆ

ಬಿಡಿ ಭಾಗಗಳು ಸೇರಿ ಒಂದು ಇಡಿಯಾದಾಗ ಅಲ್ಲಿ ನಿಜವಾಗಿಯೂ ಹೊಸದೊಂದು ವಸ್ತು ಹುಟ್ಟುತ್ತದೆಯೇ, ಇಲ್ಲವೇ ಭಾಗಗಳ ಗುಂಪಿಗೆ ವ್ಯವಹಾರದ ಅನುಕೂಲಕ್ಕಾಗಿ ಜನ ಒಂದು ಹೆಸರಿಟ್ಟುಕೊಳ್ಳುತ್ತಾರೆಯೇ ಎಂಬುದು ಭಾರತೀಯ ದರ್ಶನಗಳು ಸಾವಿರ ವರ್ಷಕ್ಕೂ ಹೆಚ್ಚು ಕಾಲ ವಾದಿಸಿದ ಪ್ರಶ್ನೆ. ಶಾಸ್ತ್ರದ ಭಾಷೆಯಲ್ಲಿ ಭಾಗಕ್ಕೆ ಅವಯವವೆಂದೂ ಇಡಿಗೆ ಅವಯವಿಯೆಂದೂ ಹೆಸರು. ಈ ವಾದದಲ್ಲಿ ನೈಯಾಯಿಕರು ಮತ್ತೆ ಮತ್ತೆ ಮುಂದಿಡುವುದು ನೂಲಿನಿಂದಾದ ಬಟ್ಟೆಯನ್ನು ಮತ್ತು ಕುಂಬಾರನ ಮಡಕೆಯನ್ನು. ಬೌದ್ಧರು ಮುಂದಿಡುವುದು ರಥವನ್ನು. ಉದಾಹರಣೆಯ ಆಯ್ಕೆಯಲ್ಲೇ ವಾದದ ಅರ್ಧ ತೀರ್ಪು ಅಡಗಿರುತ್ತದೆ. ನೂಲು ನೂಲಾಗಿ ಮೊದಲೇ ಇರುತ್ತದೆ, ಆಮೇಲೆ ಬಟ್ಟೆಯಾಗುತ್ತದೆ. ರಥದ ಚಕ್ರ, ಅಚ್ಚು, ನೊಗಗಳನ್ನು ಬಿಚ್ಚಿಟ್ಟರೆ ಪ್ರತಿಯೊಂದೂ ತನ್ನ ಪಾಡಿಗೆ ತಾನು ಇರುತ್ತದೆ. ಈ ಎರಡೂ ಮಾದರಿಗಳಲ್ಲಿ ಭಾಗವೆಂಬುದು ಇಡಿಯ ಹಂಗಿಲ್ಲದೆ ನಿಲ್ಲಬಲ್ಲದ್ದೆಂದು ಮೊದಲೇ ಒಪ್ಪಿಕೊಂಡಂತಾಗಿದೆ. ಈ ಪರಿಚಿತ ಸಾಲಿನಲ್ಲಿ ಮರದ ಪೀಪಾಯಿ ಕಾಣುವುದಿಲ್ಲ. ಅದನ್ನು ಅಲ್ಲಿ ತಂದಿಟ್ಟು ನೋಡಿದರೆ ಎರಡೂ ಪಕ್ಷಗಳು ತಮ್ಮ ಮಾತನ್ನು ತಿದ್ದಿಕೊಳ್ಳಬೇಕಾಗುತ್ತದೆ ಎಂಬುದು ಈ ಪ್ರಬಂಧದ ವಾದ.

ಮೊದಲು ವಿವಾದದ ನೆಲೆಯನ್ನು ಗುರುತಿಸಿಕೊಳ್ಳಬೇಕು. ನ್ಯಾಯ ಮತ್ತು ವೈಶೇಷಿಕ ದರ್ಶನಗಳ ಪ್ರಕಾರ ಬಟ್ಟೆ ಎಂಬುದು ನೂಲುಗಳಿಗಿಂತ ಬೇರೆಯೇ ಆದ ದ್ರವ್ಯ. ಅದು ನೂಲುಗಳಲ್ಲಿ ಸಮವಾಯ ಎಂಬ ಬಿಡಿಸಲಾಗದ ಸಂಬಂಧದಿಂದ ನೆಲೆಸಿರುತ್ತದೆ. ಯಾವುದೇ ಕಾರ್ಯದ್ರವ್ಯಕ್ಕೆ ಮೂರು ಬಗೆಯ ಕಾರಣಗಳು ಬೇಕೆಂದು ಅವರು ಹೇಳುತ್ತಾರೆ. ಕಾರ್ಯವು ಯಾವುದರಲ್ಲಿ ನೆಲೆಸುತ್ತದೆಯೋ ಅದು ಸಮವಾಯಿಕಾರಣ, ಎಂದರೆ ನೂಲು. ಆ ನೂಲುಗಳ ಪರಸ್ಪರ ಸಂಯೋಗವು ಅಸಮವಾಯಿಕಾರಣ. ನೇಯುವವನೂ ಮಗ್ಗವೂ ನಿಮಿತ್ತಕಾರಣ. ಕಾರ್ಯವಾದ ಮೇಲೆ ನಿಮಿತ್ತವು ದೂರ ಸರಿಯಬಹುದು, ಬಟ್ಟೆ ಉಳಿಯುತ್ತದೆ. ಆದರೆ ನೂಲುಗಳ ಸಂಯೋಗ ಹರಿದರೆ ಬಟ್ಟೆಯೂ ಹೋಗುತ್ತದೆ. ಬೌದ್ಧರು ಇದನ್ನು ಒಪ್ಪುವುದಿಲ್ಲ. ಮಿಲಿಂದ ರಾಜನಿಗೆ ಭಿಕ್ಷು ನಾಗಸೇನನು ರಥದ ಒಂದೊಂದೇ ಭಾಗವನ್ನು ತೋರಿಸಿ ರಥವೆಲ್ಲಿದೆ ಎಂದು ಕೇಳುವ ಸಂವಾದ ಪ್ರಸಿದ್ಧವಾದದ್ದು, ಮತ್ತು ಅದರ ಗುರಿ ರಥವಲ್ಲ, ಮನುಷ್ಯ. ರಥಕ್ಕೆ ಭಾಗಗಳ ಹೊರಗೆ ಒಂದು ಸ್ವರೂಪವಿಲ್ಲವಾದರೆ ದೇಹ, ವೇದನೆ, ಸಂಜ್ಞೆ ಮೊದಲಾದ ಸ್ಕಂಧಗಳ ಹೊರಗೆ ವ್ಯಕ್ತಿ ಎಂಬುದೂ ಇಲ್ಲ ಎಂಬುದು ಅಲ್ಲಿ ತಲುಪಬೇಕಾದ ನಿಲುವು. ಆದ್ದರಿಂದ ಅವಯವಿಯ ಚರ್ಚೆ ಮೇಜು ಮಡಕೆಗಳ ಬಗೆಗಿನ ಒಣ ತರ್ಕವಾಗಿ ಎಂದೂ ಇರಲಿಲ್ಲ. ಆತ್ಮವುಂಟೋ ಇಲ್ಲವೋ, ಕರ್ಮಫಲವನ್ನು ಉಣ್ಣುವವರು ಯಾರು ಎಂಬ ಪ್ರಶ್ನೆಗಳು ಅದರ ಬೆನ್ನಿಗೇ ಇದ್ದವು.

ನ್ಯಾಯಸೂತ್ರದ ಎರಡನೆಯ ಅಧ್ಯಾಯದಲ್ಲಿ ಅವಯವಿಯನ್ನು ಸಾಧಿಸಲು ಕೊಟ್ಟಿರುವ ಒಂದು ಯುಕ್ತಿ ಕುಶಲಕರ್ಮಿಯ ಕೈಗೆ ತೀರ ಹತ್ತಿರವಾದದ್ದು. ಒಂದು ವಸ್ತುವಿನ ಯಾವುದೋ ತುದಿಯನ್ನು ಹಿಡಿದರೆ ಇಡೀ ವಸ್ತು ಕೈಯಲ್ಲಿ ನಿಲ್ಲುತ್ತದೆ, ಎಳೆದರೆ ಇಡೀ ವಸ್ತು ಬರುತ್ತದೆ. ಈ ಧಾರಣ ಮತ್ತು ಆಕರ್ಷಣಗಳು ಇಡಿಯೆಂಬುದು ಇರುವುದಕ್ಕೆ ಸಾಕ್ಷಿ. ಅದೇ ಸಂಪ್ರದಾಯದ ಭಾಷ್ಯಕಾರನಾದ ವಾತ್ಸ್ಯಾಯನನು ಈ ಯುಕ್ತಿಯನ್ನು ಹಾಗೆಯೇ ನುಂಗಿಕೊಳ್ಳದೆ ನಿಲ್ಲಿಸಿ ಪರೀಕ್ಷಿಸುತ್ತಾನೆಂಬುದು ಅವನ ಬೌದ್ಧಿಕ ಪ್ರಾಮಾಣಿಕತೆಗೆ ಒಪ್ಪುವ ಸಂಗತಿ. ಅವನು ಹೇಳುವಂತೆ ಹಿಡಿತಕ್ಕೂ ಸೆಳೆತಕ್ಕೂ ಕಾರಣ ಸಂಗ್ರಹ ಎಂಬ ಬೇರೊಂದು ಗುಣ, ಎಂದರೆ ಕಣಗಳು ಒಂದಕ್ಕೊಂದು ಅಂಟಿ ನಿಲ್ಲುವಿಕೆ. ಹಸಿ ಮಡಕೆಯಲ್ಲಿ ಅದು ನೀರಿನ ಸಂಪರ್ಕದಿಂದಲೂ ಸುಟ್ಟ ಮಡಕೆಯಲ್ಲಿ ಬೆಂಕಿಯ ಸಂಪರ್ಕದಿಂದಲೂ ಬರುತ್ತದೆ. ಹುಲ್ಲು, ಕಲ್ಲು, ಕಟ್ಟಿಗೆಗಳನ್ನು ಅರಗಿನಿಂದ ಅಂಟಿಸಿದರೆ ಅವೂ ಒಟ್ಟಿಗೆ ಎಳೆತಕ್ಕೆ ಬರುತ್ತವೆ, ಆದರೆ ಅಲ್ಲಿ ಹೊಸ ದ್ರವ್ಯ ಹುಟ್ಟಿತೆಂದು ಯಾರೂ ಹೇಳುವುದಿಲ್ಲ. ಹಾಗಾದರೆ ಅಂಟು, ಅರಗು, ಮೊಳೆ ಯಾವುದೂ ಇಲ್ಲದೆ, ಕಣಗಳ ಬೆಸುಗೆಯೂ ಇಲ್ಲದೆ, ಒಣ ಮರದ ತುಂಡುಗಳು ಒಂದಾಗಿ ನಿಂತು ನೂರಾರು ಲೀಟರ್ ದ್ರವವನ್ನು ಹೊತ್ತರೆ ಅದಕ್ಕೆ ಏನೆನ್ನಬೇಕು? ವಾತ್ಸ್ಯಾಯನನ ಮುಂದೆ ಇಂಥ ವಸ್ತುವೊಂದು ಇದ್ದಿದ್ದರೆ ಅವನು ಅದನ್ನು ಖಂಡಿತ ಬಿಡುತ್ತಿರಲಿಲ್ಲ.

ಆ ವಸ್ತು ಹುಟ್ಟಿದ್ದು ಯುರೋಪಿನಲ್ಲಿ. ಕ್ರಿ.ಶ. ಮೊದಲ ಶತಮಾನದ ರೋಮನ್ ಲೇಖಕ ಪ್ಲಿನಿ, ಆಲ್ಪ್ಸ್ ಪರ್ವತದ ಸುತ್ತಿನ ಜನ ದ್ರಾಕ್ಷಾರಸವನ್ನು ಬಳೆ ಬಿಗಿದ ಮರದ ಪಾತ್ರೆಗಳಲ್ಲಿ ಇಡುತ್ತಾರೆಂದು ಬರೆದಿದ್ದಾನೆ. ಇಂಗ್ಲೆಂಡಿನ ಸಿಲ್ಚೆಸ್ಟರ್‌ನಲ್ಲಿ ರೋಮನ್ನರ ಕಾಲದ ಪೀಪಾಯಿಗಳು ಬಾವಿಗಳ ಒಳಗೋಡೆಯಾಗಿ ಬಳಕೆಯಾಗಿದ್ದು ಉತ್ಖನನದಲ್ಲಿ ದೊರೆತಿವೆ. ಲಂಡನ್ನಿನ ಪೀಪಾಯಿಗಾರರ ಸಂಘಕ್ಕೆ 1501ರಲ್ಲಿ ರಾಜಸನ್ನದು ಸಿಕ್ಕಿತು. 1563ರ ಇಂಗ್ಲಿಷ್ ಶಾಸನವೊಂದು ಇಂಥ ಕಸುಬುಗಳಿಗೆ ಏಳು ವರ್ಷದ ಶಿಷ್ಯವೃತ್ತಿಯನ್ನು ಕಡ್ಡಾಯ ಮಾಡಿತು. ಕನ್ನಡಕ್ಕೆ ಪೀಪಾಯಿಯ ಹೆಸರು ಬಂದದ್ದು ಪೋರ್ಚುಗೀಸರಿಂದ. ಇಷ್ಟು ಚರಿತ್ರೆ ಸಾಕು. ಇಲ್ಲಿ ಮುಖ್ಯವಾದದ್ದು ಕೆಲಸದ ಕ್ರಮ.

ದ್ರವ ಹಿಡಿಯುವ ಪೀಪಾಯಿಗೆ ಓಕ್ ಮರವೇ ಶ್ರೇಷ್ಠ, ಅದರಲ್ಲೂ ಬಿಳಿ ಓಕ್. ಅದರ ಬಲಿತ ತಿರುಳಿನಲ್ಲಿ ನೀರು ಹರಿಯುವ ಸೂಕ್ಷ್ಮ ನಾಳಗಳನ್ನು ಮರವೇ ಒಳಗಿನಿಂದ ಮುಚ್ಚಿಕೊಂಡಿರುತ್ತದೆ. ಕೆಂಪು ಓಕ್‌ನಲ್ಲಿ ಆ ನಾಳಗಳು ತೆರೆದೇ ಇರುವುದರಿಂದ ದ್ರವ ಜಿನುಗುತ್ತದೆ. ಮರದ ನಡುವಿನಿಂದ ತೊಗಟೆಯ ಕಡೆಗೆ ಚಾಚಿದ ಅರೆಗಳಂಥ ಪದರಗಳು ಓಕ್‌ನಲ್ಲಿ ದಪ್ಪವಾಗಿರುತ್ತವೆ. ದಿಮ್ಮಿಯನ್ನು ಆ ಅರೆಗಳ ಗುಂಟ ಸೀಳಿ ತೆಗೆದ ಹಲಗೆಯಲ್ಲಿ ಅವು ಪೀಪಾಯಿಯ ಗೋಡೆಗೆ ಸಮಾಂತರವಾಗಿ ಮಲಗಿ ದ್ರವವನ್ನು ತಡೆಯುತ್ತವೆ. ಹೀಗೆ ಸೀಳಿದ ಹಲಗೆಗಳನ್ನು ಬಯಲಿನಲ್ಲಿ ಒಟ್ಟಿ ಮಳೆ ಬಿಸಿಲಿಗೆ ಬಿಡುತ್ತಾರೆ. ಒಳ್ಳೆಯ ದ್ರಾಕ್ಷಾರಸದ ಪೀಪಾಯಿಗೆ ಎರಡು ಮೂರು ವರ್ಷ ಹೀಗೆ ಕಾಯುವುದು ವಾಡಿಕೆ.

ಪೀಪಾಯಿಗಾರನ ಆಯುಧಗಳು ಬಡಗಿಯವೇ ಆದರೂ ಅವುಗಳ ಮೈ ಬೇರೆ. ಕೊಡಲಿಯ ಅಲಗು ಹಿಡಿಯ ನೇರಕ್ಕಿರದೆ ಒಂದು ಬದಿಗೆ ಸರಿದಿರುತ್ತದೆ, ಏಕೆಂದರೆ ಹಲಗೆಯ ಅಂಚನ್ನು ಸವರುವಾಗ ಬೆರಳ ಗಂಟುಗಳಿಗೆ ಮರ ತಾಗಬಾರದು. ಹಲಗೆಯ ಹೊರಮೈಯನ್ನು ಉಬ್ಬಿಸಲು ಒಂದು, ಒಳಮೈಯನ್ನು ತಗ್ಗಿಸಲು ಬಾಗಿದ ಅಲಗಿನ ಇನ್ನೊಂದು, ಹೀಗೆ ಎರಡು ಹಿಡಿಯ ಕೀಸುಗತ್ತಿಗಳು ಜೋಡಿಯಾಗಿರುತ್ತವೆ. ಎಲ್ಲಕ್ಕಿಂತ ವಿಚಿತ್ರವಾದದ್ದು ಉದ್ದದ ಹತ್ತರಿ. ಬಡಗಿ ಮರವನ್ನು ನಿಲ್ಲಿಸಿ ಹತ್ತರಿಯನ್ನು ಓಡಿಸುತ್ತಾನೆ. ಪೀಪಾಯಿಗಾರನು ಸುಮಾರು ಆರು ಅಡಿ ಉದ್ದದ ಹತ್ತರಿಯನ್ನೇ ಅಲಗು ಮೇಲಾಗಿ ಓರೆಯಾಗಿ ನಿಲ್ಲಿಸಿ, ಹಲಗೆಯನ್ನು ಅದರ ಮೇಲೆ ಕೆಳಮುಖವಾಗಿ ತಳ್ಳುತ್ತಾನೆ. ಹೀಗೆ ಕೊಡುವ ಅಂಚಿನ ಓರೆಯೇ ಇಡೀ ಕಸುಬಿನ ಜೀವ. ಹಲಗೆ ನಡುವಿನಲ್ಲಿ ಅಗಲವಾಗಿ ಎರಡೂ ತುದಿಗೆ ಕಿರಿದಾಗಬೇಕು, ಮತ್ತು ಅದರ ಎರಡೂ ಅಂಚುಗಳು ಇನ್ನೂ ಹುಟ್ಟದಿರುವ ಪೀಪಾಯಿಯ ನಡುಗೆರೆಯತ್ತ ಮುಖ ಮಾಡಿರಬೇಕು. ಹಲಗೆಗಳ ಅಗಲ ಒಂದರಂತೆ ಒಂದಿರುವುದಿಲ್ಲ; ಅಗಲವಾದದ್ದಕ್ಕೆ ಹೆಚ್ಚು ಓರೆ, ಕಿರಿದಾದದ್ದಕ್ಕೆ ಕಡಿಮೆ. ಹಳೆಯ ಕಸುಬುದಾರರು ಇದನ್ನು ಮಾಪಕವಿಟ್ಟು ಅಳೆಯುತ್ತಿರಲಿಲ್ಲ. ಕಣ್ಣು ಕೈಗಳೇ ಅಳತೆ. ಒಂದು ಹಲಗೆಯನ್ನು ಕೈಯಲ್ಲಿ ಹಿಡಿದವನ ಮನಸ್ಸಿನಲ್ಲಿ ಆ ಗಾತ್ರದ ಇಡೀ ಪೀಪಾಯಿ ಇಲ್ಲದಿದ್ದರೆ ಆ ಅಂಚು ಯಾವ ಕಡೆ ನೋಡಬೇಕೆಂಬುದಕ್ಕೆ ಉತ್ತರವೇ ಇಲ್ಲ.

ಅಂಚು ಸಿದ್ಧವಾದ ಹಲಗೆಗಳನ್ನು ಒಂದು ಬಳೆಯ ಒಳಗೆ ಸುತ್ತ ನಿಲ್ಲಿಸಿದಾಗ ಮೇಲ್ತುದಿ ಒಂದಾಗಿ ಕೆಳತುದಿ ಹರಡಿದ ಗೋಪುರದಂಥ ಆಕಾರ ಬರುತ್ತದೆ. ಅದರೊಳಗೆ ಸಣ್ಣ ಅಗ್ಗಿಷ್ಟಿಕೆಯಿಟ್ಟು ಓಕ್‌ನ ಚಕ್ಕೆಗಳನ್ನು ಉರಿಸುತ್ತಾರೆ, ಹಲಗೆಗಳಿಗೆ ನೀರು ಹಚ್ಚುತ್ತಾರೆ. ಬೆಂಕಿ ಮತ್ತು ನೀರು ಸೇರಿ ಮರದ ಬಿಗುವನ್ನು ಸಡಿಲಿಸಿದ ಹೊತ್ತಿಗೆ ಹರಡಿದ ತುದಿಯನ್ನು ಎಳೆದು ಕೂಡಿಸಿ, ಆ್ಯಶ್ ಮರದ ದಪ್ಪ ಬಳೆಗಳನ್ನು ಸುತ್ತಿಗೆಯಿಂದ ಒಂದೊಂದಾಗಿ ಇಳಿಸುತ್ತಾರೆ. ಮರ ತಣಿದಾಗ ಬಾಗುವಿಕೆಯ ಬಹುಪಾಲು ಸ್ಥಿರವಾಗುತ್ತದೆ, ಪೂರ್ತಿಯಾಗಿ ಅಲ್ಲ. ಹಲಗೆಯಲ್ಲಿ ಮತ್ತೆ ನೆಟ್ಟಗಾಗಬೇಕೆಂಬ ಸೆಳೆತ ಸ್ವಲ್ಪ ಉಳಿದೇ ಇರುತ್ತದೆ. ಆಮೇಲೆ ಬರುವ ಕಬ್ಬಿಣದ ಬಳೆಗಳು ಆ ಸೆಳೆತವನ್ನು ಸುತ್ತುವರಿದು ಹಿಡಿಯುತ್ತವೆ. ಪೀಪಾಯಿ ನಡುವಿನಲ್ಲಿ ಉಬ್ಬಿ ತುದಿಗೆ ಕಿರಿದಾಗಿರುವುದರಿಂದ, ತುದಿಯ ಕಡೆಯಿಂದ ಬಳೆಯನ್ನು ನಡುವಿನತ್ತ ಹೊಡೆದಷ್ಟೂ ಅದು ಬಿಗಿಯಾಗುತ್ತದೆ. ಮೇಲಿನಿಂದ ಬಿದ್ದ ಪೆಟ್ಟು ಸುತ್ತಣ ಎಲ್ಲ ಹಲಗೆಗಳ ಮೇಲೂ ಒಳಮುಖದ ಒತ್ತಡವಾಗಿ ಹಂಚಿಹೋಗುತ್ತದೆ. ಕರ್ನಾಟಕದ ಹಳ್ಳಿಗಳಲ್ಲಿ ಬಂಡಿಯ ಚಕ್ರಕ್ಕೆ ಕೆಂಪಗೆ ಕಾಸಿದ ಕಬ್ಬಿಣದ ಹಳಿಯನ್ನು ಏರಿಸಿ ನೀರೆರೆಯುವುದನ್ನು ಕಂಡವರಿಗೆ ಇದರ ಬಲ ಸುಲಭವಾಗಿ ಅರ್ಥವಾಗುತ್ತದೆ: ಹಳಿ ತಣಿದು ಕುಗ್ಗುವಾಗ ಚಕ್ರದ ಕೀಲುಗಳೆಲ್ಲ ಚಟಪಟ ಸದ್ದು ಮಾಡುತ್ತ ಒಂದರೊಳಗೊಂದು ಕಚ್ಚಿಕೊಳ್ಳುತ್ತವೆ.

ಕೊನೆಗೆ ಉಳಿಯುವುದು ಎರಡು ಬದಿಯ ಬಿಲ್ಲೆಗಳು. ಬಾಚಿಯಿಂದ ತುದಿಗಳ ಒಳಮೈಯನ್ನು ಓರೆಯಾಗಿ ಕೆತ್ತಿ, ಬಾಗಿದ ಹತ್ತರಿಯಿಂದ ತುದಿಗಳನ್ನು ಸಮ ಮಾಡಿ, ಹಲಗೆಗಳ ಒಳಗೋಡೆಯ ಸುತ್ತಲೂ ಒಂದು ಕಿರಿದಾದ ತೋಡನ್ನು ಕೊರೆಯುತ್ತಾರೆ. ಬಿಲ್ಲೆಯ ಅಂಚು ಕೂರಬೇಕಾದ ಜಾಗ ಅದು. ಬಿಲ್ಲೆಯ ಅಳತೆಯನ್ನು ಪೀಪಾಯಿಗಾರ ಮೊದಲೇ ಗೊತ್ತುಮಾಡಿಕೊಂಡಿರುವುದಿಲ್ಲ. ಕೈವಾರವನ್ನು ತೋಡಿನ ಗುಂಟ ಹೆಜ್ಜೆ ಹಾಕಿಸುತ್ತಾನೆ. ಏಳನೆಯ ಹೆಜ್ಜೆ ಬೇಕಾದರೆ ಕೈವಾರವನ್ನು ಅಗಲಿಸುತ್ತಾನೆ, ಆರು ಮುಗಿಯುವ ಮೊದಲೇ ಹೊರಟ ಗುರುತನ್ನು ದಾಟಿದರೆ ಕಿರಿದುಗೊಳಿಸುತ್ತಾನೆ. ಸರಿಯಾಗಿ ಆರು ಹೆಜ್ಜೆಗೆ ಹೊರಟಲ್ಲಿಗೇ ಮರಳಿದಾಗ ಕೈವಾರದ ಆ ಅಗಲವೇ ಬಿಲ್ಲೆಯ ತ್ರಿಜ್ಯ. ವೃತ್ತದ ಒಳಗೆ ಕೂಡಿಸಿದ ಸಮಷಡ್ಭುಜದ ಬಾಹು ತ್ರಿಜ್ಯಕ್ಕೆ ಸಮವೆಂಬ ರೇಖಾಗಣಿತದ ಸತ್ಯ ಇಲ್ಲಿ ಪುಸ್ತಕವಿಲ್ಲದೆ ಕೆಲಸ ಮಾಡುತ್ತದೆ. ಬಿಲ್ಲೆಯ ತುಂಡುಗಳ ನಡುವೆ ಮರದ ಗೂಟಗಳಿರುತ್ತವೆ, ಸಂದಿಗಳಿಗೆ ಒಣಗಿದ ಜೊಂಡಿನ ಎಸಳು ಇಡುತ್ತಾರೆ. ತುದಿಯ ಬಳೆಗಳನ್ನು ಸಡಿಲಿಸಿ ಬಿಲ್ಲೆಯನ್ನು ತೋಡಿಗೆ ಕೂರಿಸಿ ಮತ್ತೆ ಬಳೆ ಬಿಗಿಯುತ್ತಾರೆ.

ಈಗ ಕಾರಣಗಳ ಲೆಕ್ಕಕ್ಕೆ ಮರಳಬಹುದು. ನ್ಯಾಯದ ಪ್ರಕಾರ ಅವಯವವು ಕಾರಣವಾದ್ದರಿಂದ ಅವಯವಿಗಿಂತ ಮೊದಲೇ ಇರಬೇಕು. ಬಿಲ್ಲೆಯ ವಿಷಯದಲ್ಲಿ ಇದು ತಲೆಕೆಳಗಾಗುತ್ತದೆ: ಹಲಗೆಗಳು ಎದ್ದು ನಿಂತು, ಬಾಗಿ, ಬಿಗಿದು, ಪೀಪಾಯಿಯ ಒಡಲು ಆದ ಮೇಲೆಯೇ ಬಿಲ್ಲೆಗೆ ಅಳತೆ ದೊರೆಯುವುದು. ಇಡಿಯು ತನ್ನ ಭಾಗವನ್ನು ತಾನೇ ಅಳೆದು ಕೊಡುತ್ತದೆ. ಮರದ ತುಂಡು ಮೊದಲೇ ಇತ್ತಲ್ಲವೇ ಎಂದು ನೈಯಾಯಿಕ ಕೇಳಬಹುದು. ಇತ್ತು, ಆದರೆ ಈ ಪೀಪಾಯಿಯ ಅವಯವವಾಗಿ ಇರಲಿಲ್ಲ. ಎರಡನೆಯದಾಗಿ, ಬಟ್ಟೆಯಿಂದ ಒಂದು ನೂಲನ್ನು ಎಳೆದರೆ ಹಳೆಯ ಬಟ್ಟೆ ನಾಶವಾಗಿ ಖಂಡಪಟ, ಎಂದರೆ ಒಂದು ನೂಲು ಕಡಿಮೆಯಾದ ಹೊಸ ಬಟ್ಟೆ ಹುಟ್ಟುತ್ತದೆ ಎಂದು ಅವರು ಹೇಳುತ್ತಾರೆ. ಪೀಪಾಯಿಯಿಂದ ಒಂದು ಹಲಗೆಯನ್ನು ತೆಗೆದರೆ ಖಂಡಪೀಪಾಯಿ ಎಂಬುದು ಹುಟ್ಟುವುದಿಲ್ಲ. ಆ ಜಾಗದಲ್ಲಿ ಒತ್ತಡಕ್ಕೆ ಎದುರೊತ್ತಡವಿಲ್ಲವಾದ್ದರಿಂದ ಬಳೆ ಸಡಿಲಾಗಿ ಎಲ್ಲ ಹಲಗೆಗಳೂ ಬೀಳುತ್ತವೆ. ಮೂರನೆಯದು ಇನ್ನೂ ಸೂಕ್ಷ್ಮವಾದದ್ದು. ಬಳೆಯನ್ನು ಬೆರಳಗಲ ಹಿಂದಕ್ಕೆ ಸರಿಸಿದರೆ ಹಲಗೆಗಳು ಒಂದಕ್ಕೊಂದು ತಾಗಿಕೊಂಡೇ ಇರುತ್ತವೆ, ಸಂಯೋಗ ಕೆಡುವುದಿಲ್ಲ. ಆದರೂ ದ್ರವ ಸೋರುತ್ತದೆ, ಪೀಪಾಯಿ ಪೀಪಾಯಿಯಾಗಿ ಉಳಿಯುವುದಿಲ್ಲ. ಅಂದಮೇಲೆ ಬರಿಯ ಸಂಯೋಗ ಅಸಮವಾಯಿಕಾರಣವಾಗಲಾರದು, ಒತ್ತಡದಿಂದ ಕೂಡಿದ ಸಂಯೋಗ ಬೇಕು.

ಇದಕ್ಕೆ ಬೇಕಾದ ಸಾಮಗ್ರಿ ವೈಶೇಷಿಕರ ಉಗ್ರಾಣದಲ್ಲೇ ಇತ್ತೆಂಬುದು ಗಮನಿಸಬೇಕಾದ ಸಂಗತಿ. ಪ್ರಶಸ್ತಪಾದನು ಸಂಸ್ಕಾರವೆಂಬ ಗುಣವನ್ನು ವೇಗ, ಭಾವನೆ, ಸ್ಥಿತಿಸ್ಥಾಪಕ ಎಂದು ಮೂರು ಬಗೆಯಾಗಿ ವಿಂಗಡಿಸುತ್ತಾನೆ. ಸ್ಥಿತಿಸ್ಥಾಪಕವೆಂದರೆ ಬಗ್ಗಿಸಿದ ಬಿಲ್ಲು, ಎಳೆದು ಹಿಡಿದ ಕೊಂಬೆ ಬಿಟ್ಟೊಡನೆ ಮೊದಲಿನ ನಿಲುವಿಗೆ ಮರಳುವಂತೆ ಮಾಡುವ ಗುಣ. ಅವಯವಿಯ ಉತ್ಪತ್ತಿಯನ್ನು ವಿವರಿಸುವಾಗ ಮಾತ್ರ ಈ ಗುಣವನ್ನು ಕರೆಯಲಿಲ್ಲ, ಏಕೆಂದರೆ ಬಟ್ಟೆಯೂ ಮಡಕೆಯೂ ಅದನ್ನು ಬೇಡಲಿಲ್ಲ. ಪೀಪಾಯಿ ಬೇಡುತ್ತದೆ. ಪ್ರತಿ ಹಲಗೆಯೂ ಹೊರಕ್ಕೆ ಹೋಗಲು ಒತ್ತುತ್ತಿರುವುದರಿಂದಲೇ ಬಳೆ ಬಿಗಿಯಾಗಿದೆ, ಬಳೆ ಬಿಗಿಯಾಗಿರುವುದರಿಂದಲೇ ಯಾವ ಹಲಗೆಯೂ ಹೊರಕ್ಕೆ ಹೋಗುವುದಿಲ್ಲ. ಭಾಗಗಳ ಪರಸ್ಪರ ವಿರೋಧವೇ ಇಲ್ಲಿ ಒಗ್ಗಟ್ಟಿನ ಕಾರಣ. ಬಳೆಯನ್ನು ಹೊಡೆದ ಪೆಟ್ಟಿನ ಫಲವೂ ಪೀಪಾಯಿಯೊಳಗೆ ಒತ್ತಡವಾಗಿ ಉಳಿದಿರುತ್ತದೆ, ಆದ್ದರಿಂದ ನಿಮಿತ್ತಕಾರಣವು ಕುಂಬಾರನ ಕೋಲಿನ ಹಾಗೆ ಪೂರ್ತಿ ಹೊರಗುಳಿಯಿತೆಂದು ಹೇಳುವುದೂ ಕಷ್ಟ.

ಬೌದ್ಧ ಪಕ್ಷವನ್ನು ಇದೇ ಒರೆಗೆ ಹಚ್ಚಬೇಕು. ಏಳನೆಯ ಶತಮಾನದ ಚಂದ್ರಕೀರ್ತಿಯು ರಥವನ್ನು ಏಳು ಬಗೆಯಲ್ಲಿ ಹುಡುಕುತ್ತಾನೆ: ಅದು ಭಾಗಗಳೇ ಅಲ್ಲ, ಭಾಗಗಳಿಗಿಂತ ಬೇರೆಯಲ್ಲ, ಭಾಗಗಳನ್ನು ಹೊಂದಿರುವುದಲ್ಲ, ಭಾಗಗಳಲ್ಲಿ ಇರುವುದಲ್ಲ, ಭಾಗಗಳು ಅದರಲ್ಲಿ ಇರುವುದೂ ಅಲ್ಲ, ಭಾಗಗಳ ರಾಶಿಯಲ್ಲ, ಅವುಗಳ ಆಕಾರವೂ ಅಲ್ಲ. ಪೀಪಾಯಿಯಲ್ಲಿ ರಾಶಿ ಮತ್ತು ಆಕಾರ ಎಂಬ ಕೊನೆಯ ಎರಡು ನಿರಾಕರಣೆಗಳು ರಥದಲ್ಲಿರುವುದಕ್ಕಿಂತ ಹೆಚ್ಚು ಸ್ಪಷ್ಟವಾಗುತ್ತವೆ. ಬಳೆ ಸಡಿಲವಾದ ಪೀಪಾಯಿಗೆ ಆಕಾರವೂ ಇದೆ, ಎಲ್ಲ ಭಾಗಗಳೂ ಇವೆ, ಆದರೂ ಅದು ಏನನ್ನೂ ಹಿಡಿಯದು. ಇಲ್ಲಿಯವರೆಗೆ ಚಂದ್ರಕೀರ್ತಿಯ ಮಾತು ಸರಿ. ಭಾಗವೂ ಇಡಿಯನ್ನು ಅವಲಂಬಿಸಿದೆ ಎಂಬುದನ್ನು ಕೈವಾರದ ಆರು ಹೆಜ್ಜೆಗಳು ತೋರಿಸುವಾಗ ಪರಸ್ಪರಾಪೇಕ್ಷೆಯ ಅವನ ಸಿದ್ಧಾಂತಕ್ಕೆ ಅದು ಬೆಂಬಲವೇ ಆಗುತ್ತದೆ. ಆದರೆ ಇಡಿಯೆಂಬುದು ಬಳಕೆಯ ಹೆಸರು ಮಾತ್ರ ಎಂದು ಮುಂದುವರಿದು ಹೇಳುವ ಕಡೆ ಪೀಪಾಯಿ ಎದುರು ನಿಲ್ಲುತ್ತದೆ. ಹೆಸರು ಸೋರಿಕೆಯನ್ನು ತಡೆಯುವುದಿಲ್ಲ. ಯಾವ ಒಂದು ಹಲಗೆಗೂ ಇಲ್ಲದ, ಹಲಗೆಗಳ ಮೊತ್ತಕ್ಕೂ ಇಲ್ಲದ ಸಾಮರ್ಥ್ಯವೊಂದು ಬಳೆ ಬಿಗಿದ ಕ್ಷಣದಲ್ಲಿ ಬರುತ್ತದೆ, ಸಡಿಲಿಸಿದ ಕ್ಷಣದಲ್ಲಿ ಹೋಗುತ್ತದೆ. ಜನ ಅದನ್ನು ಏನೆಂದು ಕರೆದರೂ, ಕರೆಯದಿದ್ದರೂ ಆ ವ್ಯತ್ಯಾಸ ಹಾಗೆಯೇ ಇರುತ್ತದೆ. ಚಂದ್ರಕೀರ್ತಿಯ ಪಂಥದ ಮಾಧ್ಯಮಿಕನು ಇಂಥ ಸಾಮರ್ಥ್ಯವನ್ನು ಸಂವೃತಿಸತ್ಯವೆಂದು, ಎಂದರೆ ವ್ಯವಹಾರದ ಮಟ್ಟದ ಸತ್ಯವೆಂದು ಒಪ್ಪಿಯಾನು. ಆದರೆ ಹಾಗೆ ಒಪ್ಪಿದ ಮೇಲೆ ಬಿಡಿಗಿಂತ ಇಡಿ ಕಡಿಮೆ ನಿಜವೆಂದು ಹೇಳುವ ಹಳೆಯ ಆಭಿಧಾರ್ಮಿಕ ಬೌದ್ಧರ ವಾದ ನಿಲ್ಲುವುದಿಲ್ಲ.

ಕರಾವಳಿ ಕರ್ನಾಟಕದಲ್ಲಿ ಹುಟ್ಟಿದ ದ್ವೈತ ದರ್ಶನವು ಈ ಪ್ರಕರಣಕ್ಕೆ ಎಲ್ಲರಿಗಿಂತ ಹತ್ತಿರ ಬರುತ್ತದೆ. ಮಧ್ವಾಚಾರ್ಯರ ಸಂಪ್ರದಾಯವು ಸಮವಾಯವನ್ನು ತಿರಸ್ಕರಿಸುತ್ತದೆ. ಬೇರ್ಪಡಿಸಬಹುದಾದ ಭಾಗಗಳಿಗೂ ಇಡಿಗೂ ಇರುವುದು ಭೇದಾಭೇದ, ಎಂದರೆ ಒಂದು ರೀತಿಯಲ್ಲಿ ಬೇರೆ, ಇನ್ನೊಂದು ರೀತಿಯಲ್ಲಿ ಒಂದೇ ಎನ್ನುತ್ತದೆ. ಅದು ಎಣಿಸುವ ಹತ್ತು ಪದಾರ್ಥಗಳಲ್ಲಿ ಅಂಶಿ, ಎಂದರೆ ಭಾಗವುಳ್ಳ ಇಡಿ, ಒಂದು ಪ್ರತ್ಯೇಕ ಪದಾರ್ಥ, ಶಕ್ತಿ ಇನ್ನೊಂದು. ಶಕ್ತಿಯ ಬಗೆಗಳಲ್ಲಿ ವಸ್ತುವಿನ ಸ್ವಭಾವದಲ್ಲೇ ಇರುವುದು ಸಹಜಶಕ್ತಿ, ಹೊರಗಿನಿಂದ ಇಟ್ಟದ್ದು ಆಧೇಯಶಕ್ತಿ. ವಿಗ್ರಹಕ್ಕೆ ಪ್ರತಿಷ್ಠೆಯಿಂದ ಬರುವ ಸನ್ನಿಧಾನವು ಎರಡನೆಯದಕ್ಕೆ ಕೊಡುವ ನಿದರ್ಶನ. ಮರಕ್ಕೆ ನೆಟ್ಟಗಾಗುವ, ನೀರು ಹೀರಿ ಉಬ್ಬುವ ಶಕ್ತಿ ಸಹಜವಾದದ್ದು. ದ್ರವವನ್ನು ಹಿಡಿದಿಡುವ ಶಕ್ತಿ ಬಳೆಯ ಮೂಲಕ ಇಟ್ಟದ್ದು, ಮತ್ತು ಅದು ನೆಲೆಸಿರುವುದು ಅಂಶಿಯಲ್ಲಿ, ಯಾವ ಅಂಶದಲ್ಲೂ ಅಲ್ಲ. ದ್ವೈತದ ಆಚಾರ್ಯರು ಇದನ್ನು ಪೀಪಾಯಿಗೆ ಅನ್ವಯಿಸಿ ಹೇಳಿದವರಲ್ಲ, ಈ ವಿಸ್ತರಣೆ ಇಲ್ಲಿಯದು. ಆದರೂ ಇಡಿಯನ್ನೂ ಶಕ್ತಿಯನ್ನೂ ಬೇರೆಬೇರೆ ಪದಾರ್ಥಗಳಾಗಿ ಎಣಿಸಿ, ದ್ರವ್ಯವನ್ನು ಅನವಶ್ಯಕವಾಗಿ ಹೆಚ್ಚಿಸದೆ ಇಡಿಯ ನಿಜವನ್ನು ಉಳಿಸಿಕೊಳ್ಳುವ ದಾರಿಯನ್ನು ಅವರು ತೆರೆದಿಟ್ಟದ್ದು ದೊಡ್ಡ ಕೊಡುಗೆ. ಅದಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ.

ದೇಹವನ್ನು ಪಾತ್ರೆಗೆ ಹೋಲಿಸುವ ಧಾರ್ಮಿಕ ರೂಢಿಯನ್ನೂ ಪೀಪಾಯಿ ಕದಲಿಸುತ್ತದೆ. ಅದ್ವೈತದ ಘಟಾಕಾಶದ ನಿದರ್ಶನದಲ್ಲಿ ಮಡಕೆಯೊಳಗಿನ ಆಕಾಶಕ್ಕೂ ಹೊರಗಿನ ಆಕಾಶಕ್ಕೂ ಭೇದವಿಲ್ಲ. ಮಡಕೆ ಒಡೆದರೆ ಆಕಾಶಕ್ಕೆ ಏನೂ ಆಗುವುದಿಲ್ಲ, ಆಕಾಶವಿದ್ದುದರಿಂದ ಮಡಕೆಗೆ ಏನೂ ಆಗಿರಲಿಲ್ಲ. ಒಳಗಿರುವುದು ಹೊರಗಿನ ಗೋಡೆಗೆ ಉದಾಸೀನವಾಗಿದೆ ಎಂಬುದನ್ನು ಹೇಳಲು ಅದಕ್ಕಿಂತ ಒಳ್ಳೆಯ ನಿದರ್ಶನವಿಲ್ಲ. ಪೀಪಾಯಿಯ ಕಥೆ ಬೇರೆ. ಒಳಗಿನ ದ್ರವವನ್ನು ಹೀರಿ ಹಲಗೆಗಳು ಉಬ್ಬುತ್ತವೆ, ಉಬ್ಬಿದ್ದರಿಂದ ಸಂದಿಗಳು ಮುಚ್ಚುತ್ತವೆ. ಬಹುಕಾಲ ಬರಿದಾಗಿ ಬಿಸಿಲಿಗೆ ಬಿದ್ದ ಪೀಪಾಯಿಯ ಮರ ಕುಗ್ಗಿ, ಬಳೆಗಳು ಜಾರಿ, ಅದು ತಾನಾಗಿಯೇ ಬಿಚ್ಚಿಕೊಳ್ಳುತ್ತದೆ. ಒಳಗಿರುವುದೇ ತನ್ನನ್ನು ಒಳಗಿಟ್ಟುಕೊಂಡದ್ದನ್ನು ಕಾಯುತ್ತದೆ. ಆ ಗೋಡೆ ಪೂರ್ತಿ ಮುಚ್ಚಿದ್ದೂ ಅಲ್ಲ. ಸ್ಕಾಟ್ಲೆಂಡಿನ ಉಗ್ರಾಣಗಳಲ್ಲಿ ಬಲಿಯಲು ಇಟ್ಟ ಮದ್ಯದಲ್ಲಿ ವರ್ಷಕ್ಕೆ ಸುಮಾರು ಶೇ. 2ರಷ್ಟು ಮರದ ಮೂಲಕ ಆವಿಯಾಗಿ ಹೋಗುತ್ತದೆ. ಅಲ್ಲಿನ ಕಸುಬುದಾರರು ಅದನ್ನು ದೇವತೆಗಳ ಪಾಲು ಎನ್ನುತ್ತಾರೆ. ಜೀವವು ದೇಹದಲ್ಲಿ ಆಕಾಶದಂತೆ ಸುಮ್ಮನೆ ಇದೆಯೋ, ಪೀಪಾಯಿಯ ರಸದಂತೆ ದೇಹವನ್ನು ಕೂಡಿಸಿ ಹಿಡಿದಿದೆಯೋ ಎಂಬುದನ್ನು ನಿದರ್ಶನವೇ ತೀರ್ಮಾನಿಸಲಾರದು. ಆದರೆ ಪ್ರಾಣ ಹೊರಟೊಡನೆ ದೇಹ ಬಿಡಿಬಿಡಿಯಾಗಿ ಕೊಳೆಯುವುದನ್ನು ಕಂಡ ಲೋಕಾನುಭವಕ್ಕೆ ಎರಡನೆಯದೇ ಹೆಚ್ಚು ಹೊಂದುತ್ತದೆ.

ಪುನರ್ಜನ್ಮದ ಪ್ರಶ್ನೆಗೆ ಹತ್ತಿರವಾದ ಸಂಗತಿಯೊಂದೂ ಈ ಕಸುಬಿನಲ್ಲಿ ನಡೆಯುತ್ತದೆ. ಅಮೆರಿಕದ ಬೂರ್ಬನ್ ಮದ್ಯವನ್ನು ಒಳಮೈ ಸುಟ್ಟ ಹೊಸ ಓಕ್ ಪಾತ್ರೆಯಲ್ಲೇ ಇಡಬೇಕೆಂದು ಅಲ್ಲಿನ ಕಾನೂನು ಹೇಳುವುದರಿಂದ, ಒಮ್ಮೆ ಬಳಸಿದ ಪೀಪಾಯಿ ಅದಕ್ಕೆ ಮತ್ತೆ ಉಪಯೋಗವಿಲ್ಲ. ಸ್ಕಾಚ್ ಮದ್ಯವನ್ನು 700 ಲೀಟರಿಗೆ ಮೀರದ ಓಕ್ ಪೀಪಾಯಿಯಲ್ಲಿ ಕನಿಷ್ಠ 3 ವರ್ಷ ಬಲಿಸಬೇಕೆಂದು 2009ರ ಬ್ರಿಟಿಷ್ ನಿಯಮಗಳು ಹೇಳುತ್ತವೆ, ಆದರೆ ಪೀಪಾಯಿ ಹೊಸದಾಗಿರಬೇಕೆನ್ನುವುದಿಲ್ಲ. ಹೀಗಾಗಿ ಅಮೆರಿಕದ ಸುಮಾರು 200 ಲೀಟರಿನ ಪೀಪಾಯಿಗಳನ್ನು ಹಲಗೆ ಹಲಗೆಯಾಗಿ ಬಿಚ್ಚಿ, ಕಟ್ಟು ಕಟ್ಟಿ ಸ್ಕಾಟ್ಲೆಂಡಿಗೆ ಸಾಗಿಸುವ ಪದ್ಧತಿ ಬೆಳೆಯಿತು. ಅಲ್ಲಿನ ಪೀಪಾಯಿಗಾರರು ಬೇರೆ ಬೇರೆ ಪೀಪಾಯಿಗಳ ಹಲಗೆಗಳನ್ನು ಕೂಡಿಸಿ, ಕೆಲವನ್ನು ಹೆಚ್ಚಾಗಿ ಸೇರಿಸಿ, ಹೊಸ ಬಿಲ್ಲೆ ಕೂರಿಸಿ ಸುಮಾರು 250 ಲೀಟರಿನ ದೊಡ್ಡ ಪೀಪಾಯಿಯನ್ನು ಕಟ್ಟುತ್ತಾರೆ. ಹಳೆಯ ಪೀಪಾಯಿ ನಾಶವಾಯಿತು, ಹೊಸದು ಹುಟ್ಟಿತು. ಈ ಮಟ್ಟಿಗೆ ನೈಯಾಯಿಕನ ಲೆಕ್ಕ ನೇರವಾಗಿದೆ. ಆದರೆ ಹೊಸ ಪೀಪಾಯಿಯಲ್ಲಿ ಇಟ್ಟ ಮದ್ಯಕ್ಕೆ ಹಳೆಯದರ ವಾಸನೆ, ಸುಟ್ಟ ಓಕ್‌ನ ವೆನಿಲಾದಂಥ ಪರಿಮಳ ಬರುತ್ತದೆ. ಎಳ್ಳಿಗೆ ಹೂವಿನ ಪರಿಮಳ ಹಿಡಿಯುವುದನ್ನು ತೋರಿಸಿ ಯೋಗಾಚಾರ ಬೌದ್ಧರು ವಾಸನಾ ಸಿದ್ಧಾಂತವನ್ನು ವಿವರಿಸುತ್ತಾರೆ: ಹಿಂದಿನ ಕ್ರಿಯೆಯ ಗುರುತು ಶಾಶ್ವತ ಆತ್ಮವಿಲ್ಲದೆಯೂ ಮುಂದಿನ ಸಂತತಿಗೆ ದಾಟಬಲ್ಲದು. ಪೀಪಾಯಿಯಲ್ಲಿ ಅದು ಕಣ್ಣಿಗೆ ಕಾಣುವಂತೆ ನಡೆಯುತ್ತದೆ. ಇಡಿಯ ನಿಜದ ವಿಷಯದಲ್ಲಿ ಬೌದ್ಧರ ವಿರುದ್ಧ ಹೋದ ಸಾಕ್ಷಿ, ಇಡಿ ಅಳಿದ ಮೇಲೂ ಸಂಸ್ಕಾರ ಉಳಿಯುವ ವಿಷಯದಲ್ಲಿ ಅವರ ಪರವಾಗಿ ನಿಲ್ಲುತ್ತದೆ, ಮತ್ತು ಎರಡನ್ನೂ ಒಪ್ಪಿಕೊಳ್ಳುವುದೇ ನ್ಯಾಯವಾದ ತೀರ್ಪು.

ಕರ್ನಾಟಕದ ಸಂಸ್ಕೃತ ಪಾಠಶಾಲೆಗಳಲ್ಲೂ ವಿಶ್ವವಿದ್ಯಾಲಯಗಳ ತತ್ತ್ವಶಾಸ್ತ್ರ ವಿಭಾಗಗಳಲ್ಲೂ ಅವಯವಿ ಪ್ರಕರಣವನ್ನು ಇಂದಿಗೂ ಪಟ ಮತ್ತು ಘಟಗಳ ಮೇಲೆಯೇ ಪಾಠ ಹೇಳಲಾಗುತ್ತದೆ. ಆ ಪಾಠ ಹೇಳುವವರು ವಿದ್ಯಾರ್ಥಿಗಳನ್ನು ಒಮ್ಮೆ ಬಂಡಿಯ ಚಕ್ರಕ್ಕೆ ಹಳಿ ಏರಿಸುವ ಕುಲುಮೆಗೆ ಕರೆದೊಯ್ದು, ಅಲ್ಲಿ ಧಾರಣಾಕರ್ಷಣದ ಸೂತ್ರವನ್ನೂ ಅದರ ಮೇಲಿನ ವಾತ್ಸ್ಯಾಯನನ ಭಾಷ್ಯವನ್ನೂ ಓದಿಸಬೇಕು. ರಬ್ಬರ್ ಚಕ್ರಗಳು ಬಂದ ಮೇಲೆ ಅಂಥ ಕುಲುಮೆಗಳು ಕಡಿಮೆಯಾಗುತ್ತಿರುವುದರಿಂದ ಇದನ್ನು ಬೇಗ ಮಾಡಬೇಕು.